ಹೆಸರೂ ನೋಟವೂ

ಕನ್ನಡದಲ್ಲಿ ಪರಿಭಾಷೆಯ ಚರ್ಚೆ ಹೊಸದಲ್ಲ. ಶಾಸ್ತ್ರಗ್ರಂಥಗಳನ್ನು ಕನ್ನಡಿಸಲು ಹೊರಟ ದಿನದಿಂದಲೂ ಸಂಸ್ಕೃತದಿಂದ ಪದ ಕಟ್ಟಬೇಕೋ, ಅಚ್ಚಗನ್ನಡದಲ್ಲಿ ಹೊಸೆಯಬೇಕೋ, ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳಬೇಕೋ ಎಂಬ ವಾದ ನಡೆದೇ ಇದೆ. ಆ ವಾದದಲ್ಲಿ ನಾವು ಪದದ ಕುಲವನ್ನು ವಿಚಾರಿಸಿದಷ್ಟು ಅದರ ಗುಣವನ್ನು ವಿಚಾರಿಸಿಲ್ಲ. ಸಸ್ಯಶಾಸ್ತ್ರದಲ್ಲಿ ಒಂದು ಪದ ಒರಟಾದರೆ ಓದುವ ವಿದ್ಯಾರ್ಥಿಗೆ ಬೇಸರವಾದೀತು; ಗಿಡಕ್ಕೆ ನೋವಾಗದು. ಮನುಷ್ಯನಿಗೆ, ಅದರಲ್ಲೂ ತನ್ನ ಪರವಾಗಿ ತಾನೇ ಮಾತಾಡಲಾರದ ಕೂಸಿಗೆ ಹೆಸರಿಡುವಾಗ ಮಾತು ಹಾಗಲ್ಲ. ಅಲ್ಲಿ ಪದವೇ ತೀರ್ಪಾಗುವ ಭಯವಿದೆ. ಅಂಥ ಎರಡು ಮೂರು ಪದಗಳನ್ನು ಇಲ್ಲಿ ಒರೆಗೆ ಹಚ್ಚಬೇಕೆಂದಿದ್ದೇನೆ.

ಎರಡು ಮೂರು ವರ್ಷವಾದರೂ ಮಾತು ಬಾರದ, ಕರೆದರೆ ತಿರುಗಿ ನೋಡದ, ಒಂದೇ ಆಟವನ್ನು ಒಂದೇ ಬಗೆಯಲ್ಲಿ ದಿನವೆಲ್ಲ ಆಡುವ ಮಕ್ಕಳ ಸ್ಥಿತಿಗೆ ವೈದ್ಯಶಾಸ್ತ್ರ ಆಟಿಸಂ ಎನ್ನುತ್ತದೆ. ಕನ್ನಡ ಪತ್ರಿಕೆಗಳಲ್ಲಿ ಇದಕ್ಕೆ ‘ಸ್ವಲೀನತೆ’ ಎಂಬ ಪದ ಬಳಕೆಗೆ ಬಂದಿದೆ. ಹಿಂದಿಯಲ್ಲಿ ಅದು ಮೊದಲೇ ಇತ್ತು. ನಮ್ಮ ಗಡಿಭಾಗದ ಕಥೆ ಇನ್ನೂ ತೊಡಕಿನದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನ ದೊಡ್ಡ ಬೇನೆ ಬಂದರೆ ಒಂದು ದಿಕ್ಕಿಗೆ ಬೆಳಗಾವಿಯ ದವಾಖಾನೆಗೆ ಹೋಗುತ್ತಾರೆ, ಇನ್ನೊಂದು ದಿಕ್ಕಿಗೆ ಮಿರಜ, ಸಾಂಗಲಿ, ಕೊಲ್ಹಾಪುರಕ್ಕೆ ಹೋಗುತ್ತಾರೆ. ಅತ್ತ ಹೋದವರು ಮರಾಠಿಯ ‘ಸ್ವಮಗ್ನ’ ಎಂಬ ಪದವನ್ನು ಕಟ್ಟಿಕೊಂಡು ಬರುತ್ತಾರೆ. ಕೈಯಲ್ಲಿರುವ ಕಾಗದದಲ್ಲಿ ಇಂಗ್ಲಿಷ್, ಡಾಕ್ಟರರ ಬಾಯಲ್ಲಿ ಮರಾಠಿ, ಊರಿಗೆ ಮರಳಿದ ಮೇಲೆ ಓದುವ ಪತ್ರಿಕೆಯಲ್ಲಿ ಸಂಸ್ಕೃತದ ಕನ್ನಡ. ಮೂರೂ ಸೇರಿ ತಾಯಿಗೆ ಏನು ತಿಳಿಸುತ್ತವೆ?

‘ಮಗ್ನ’, ‘ಲೀನ’ ಇವೆರಡೂ ನಮ್ಮ ಸಾಹಿತ್ಯದಲ್ಲಿ ಬಹು ಮರ್ಯಾದೆಯ ಪದಗಳು. ಧ್ಯಾನಮಗ್ನ, ತಲ್ಲೀನ ಎನ್ನುವಾಗ ನಮ್ಮ ಕಣ್ಣೆದುರು ಯೋಗಿಯೋ ಗವಾಯಿಯೋ ನಿಲ್ಲುತ್ತಾನೆ. ಲೀನವಾಗುವವನು ತನಗಿಂತ ಹಿರಿದಾದುದರಲ್ಲಿ ಲೀನನಾಗುತ್ತಾನೆ, ಅದು ಸಾಧನೆ. ಅದರ ಮುಂದೆ ‘ಸ್ವ’ ಸೇರಿಸಿದೊಡನೆ ಸಾಧನೆ ಹೋಗಿ ಸ್ವಾರ್ಥದ ನೆರಳು ಬೀಳುತ್ತದೆ. ತನ್ನಲ್ಲೇ ತಾನು ಮುಳುಗಿದವನು, ಪರರ ಗೊಡವೆ ಬೇಡವಾದವನು ಎಂದು ಅರ್ಥವಾಗುತ್ತದೆ. ಎರಡು ಪದಗಳಲ್ಲಿಯೂ ಅಡಗಿರುವ ಗೃಹೀತ ಒಂದೇ: ಈ ಕೂಸು ನಮ್ಮನ್ನು ಬಿಟ್ಟು ಒಳಗೆ ಹೋಗಿದೆ, ಮತ್ತು ತಾನಾಗಿ ಹೋಗಿದೆ. ಹಾಗಾದರೆ ಯಾಕೆ ಹೋಯಿತು, ಯಾರು ಅದರ ಮನಸ್ಸು ಮುರಿದರು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಆ ಪ್ರಶ್ನೆಗೆ ಓಣಿಯಲ್ಲಿ ಸಿದ್ಧವಾಗಿರುವ ಉತ್ತರವೂ ಒಂದೇ: ತಾಯಿ.

ಅನುವಾದಕರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವರು ಮೂಲಕ್ಕೆ ನಿಷ್ಠರಾಗಿಯೇ ಇದ್ದಾರೆ. ಸ್ವಿಸ್ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1911ರ ಸುಮಾರಿಗೆ ಈ ಪದವನ್ನು ಬಳಕೆಗೆ ತಂದಾಗ ಗ್ರೀಕಿನಲ್ಲಿ ‘ತಾನು’ ಎಂಬ ಅರ್ಥದ ಧಾತುವಿನಿಂದಲೇ ಅದನ್ನು ಕಟ್ಟಿದ. ಆದರೆ ಅವನು ಹೇಳುತ್ತಿದ್ದುದು ಸ್ಕಿಜೋಫ್ರೇನಿಯಾ ಎಂಬ ಬೇರೊಂದು ಬೇನೆಯ ರೋಗಿಗಳನ್ನು ಕುರಿತು. ಹೊರಜಗತ್ತಿನಿಂದ ಹಿಮ್ಮೆಟ್ಟಿ ತಮ್ಮ ಕಲ್ಪನೆಯೊಳಗೆ ಸೇರಿಕೊಂಡವರಿಗೆ ಆ ಮಾತು ಸಲ್ಲಬಹುದಾಗಿತ್ತು. 1943ರಲ್ಲಿ ಬಾಲ್ಟಿಮೋರಿನ ಲಿಯೋ ಕ್ಯಾನರ್ 11 ಮಕ್ಕಳ ಬಗೆಗೆ ತನ್ನ ಪ್ರಸಿದ್ಧ ಲೇಖನವನ್ನು ಬರೆದಾಗ ಅದೇ ಪದವನ್ನು ಎರವಲು ಪಡೆದ. ಆ ಮಕ್ಕಳು ಹೊರಗಿದ್ದು ಒಳಹೊಕ್ಕವರಲ್ಲ. ಜನ ಸಂಪರ್ಕದ ಸಹಜ ಶಕ್ತಿಯೇ ಅವರಿಗೆ ಹುಟ್ಟಿನಿಂದ ಬಂದಿಲ್ಲವೆಂದು ಅವನೇ ಬರೆದಿದ್ದಾನೆ. ಎಂದರೆ ಹೆಸರು ಒಂದು ಹೇಳುತ್ತದೆ, ಹೆಸರಿಟ್ಟವನ ಕಣ್ಣು ಕಂಡದ್ದು ಇನ್ನೊಂದು. ನಾವು ಮಾಡಿದ್ದೇನೆಂದರೆ ಆ ತಪ್ಪನ್ನೇ ಸರಿಯಾಗಿ ಅನುವಾದಿಸಿದೆವು.

ಹೆಸರಿನಲ್ಲಿದ್ದ ತಪ್ಪು ಹೆಸರಿನಲ್ಲೇ ಉಳಿದಿದ್ದರೆ ಇಷ್ಟು ಬರೆಯುವ ಕಾರಣವಿರಲಿಲ್ಲ. ಕ್ಯಾನರನೇ ಮುಂದೆ ಈ ಮಕ್ಕಳ ತಂದೆತಾಯಿಗಳ ಭಾವಶೈತ್ಯವನ್ನು ವರ್ಣಿಸುತ್ತ ಶೀತಪೆಟ್ಟಿಗೆಯ ಹೋಲಿಕೆಯನ್ನು ಬಳಸಿದ. ಹೋಲಿಕೆ ಜನರ ಬಾಯಿಗೆ ಬಿತ್ತು. ಶೀತಪೆಟ್ಟಿಗೆಯಂಥ ತಾಯಂದಿರು ಎಂಬ ಮಾತು ಶಾಸ್ತ್ರದ ಮಾತೆಂಬಂತೆ ಓಡಾಡತೊಡಗಿತು. ನಾಜಿಗಳ ಬಂದೀಖಾನೆಗಳಲ್ಲಿ ನರಳಿ ಬಂದ ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಪ್ರಕಟಿಸಿದ ಹೊತ್ತಗೆಯ ಹೆಸರೇ ‘ಬರಿದಾದ ಕೋಟೆ’ ಎಂಬ ಅರ್ಥದ್ದು. ಅಲ್ಲಿ ತಾನು ಕಂಡ ಕೈದಿಗಳ ಮನೋಸ್ಥಿತಿಗೆ ಈ ಮಕ್ಕಳ ಸ್ಥಿತಿಯನ್ನು ಅವನು ಹೋಲಿಸಿದ. ಕೂಸು ಕೈದಿಯಾದರೆ ಕಾವಲುಗಾರ ಯಾರೆಂದು ಬಾಯಿಬಿಟ್ಟು ಹೇಳಬೇಕೆ?

ಸಾಹಿತ್ಯ ವಿದ್ಯಾರ್ಥಿಗಳಾದ ನಾವು ಇಲ್ಲಿ ಕಲಿಯಬೇಕಾದದ್ದಿದೆ. ಕಾವ್ಯದಲ್ಲಿ ರೂಪಕ ಸತ್ಯವನ್ನು ಕಾಣಿಸುವ ದೀಪ. ಅದು ರೂಪಕವೆಂದು ಓದುಗನಿಗೆ ಗೊತ್ತಿರುತ್ತದೆ. ದವಾಖಾನೆಯಲ್ಲಿ ಅದೇ ರೂಪಕ ತಾನು ರೂಪಕವೆಂಬುದನ್ನು ಮರೆಸಿ ಸಾಕ್ಷ್ಯದ ಪೀಠವನ್ನೇರುತ್ತದೆ. ‘ಬರಿದಾದ ಕೋಟೆ’ ಎಷ್ಟು ಸೊಗಸಾದ ಪ್ರತಿಮೆ! ಆ ಸೊಗಸಿಗೆ ಒಂದು ತಲೆಮಾರಿನ ತಾಯಂದಿರು ತೆತ್ತ ಬೆಲೆ ಬಹು ದೊಡ್ಡದು.

ಈ ಕೋಟೆಯನ್ನು ಕೆಡವಿದವರು ಕವಿಗಳಲ್ಲ, ಎಣಿಸಿ ನೋಡಿದವರು. ಇಂಥದೇ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್, ಬೆಟೆಲ್‌ಹೈಮನ ಹೊತ್ತಗೆಗೆ ಮೂರು ವರ್ಷ ಮೊದಲೇ, 1964ರಲ್ಲಿ, ಇದರ ಬೇರು ಲಾಲನೆಯಲ್ಲಿಲ್ಲ, ನರಮಂಡಲದಲ್ಲಿದೆ ಎಂದು ಗ್ರಂಥ ಬರೆದು ವಾದಿಸಿದ್ದ. 1977ರಲ್ಲಿ ಸೂಸಾನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ ಅವರು 21 ಅವಳಿ ಜೋಡಿಗಳನ್ನು ಪರೀಕ್ಷಿಸಿ ಬರೆದರು. ಒಂದೇ ಬೀಜದಿಂದ ಹುಟ್ಟಿದ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಬೀಜದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ವಂಶದ ಪಾಲು ಇಲ್ಲಿ ನಿಚ್ಚಳವಾಯಿತು. ಇನ್ನೂ ಒಂದು ವಿಶೇಷವಿತ್ತು. ಒಬ್ಬರಿಗೆ ಮಾತ್ರ ಆಟಿಸಂ ಇದ್ದ 17 ಜೋಡಿಗಳ ಪೈಕಿ 12ರಲ್ಲಿ, ಆಟಿಸಂ ಇದ್ದ ಕೂಸಿನ ಕಡೆಗೇ ಮಿದುಳಿಗೆ ಹಾನಿ ಮಾಡಬಲ್ಲ ಅಪಾಯದ ಸಂಗತಿಯೊಂದು ಕಂಡುಬಂದಿತ್ತು. ಆಟಿಸಂ ಇರುವ ಪ್ರತಿ ಕೂಸಿನ ಮಿದುಳಿಗೂ ಗಾಯವಾಗಿದೆ ಎಂದು ಇದರ ಅರ್ಥವಲ್ಲ. ವಂಶವಾಹಿಗಳ ಪಾತ್ರವೇ ಹಿರಿದೆಂದು ಮುಂದಿನ ಸಂಶೋಧನೆ ತೋರಿಸಿದೆ. ದಿನ ತುಂಬದೆ ಹುಟ್ಟುವುದು ಮೊದಲಾದ ಕಾರಣಗಳು ಆ ಸಂಭವವನ್ನು ಹೆಚ್ಚಿಸುತ್ತವೆ. ತಾಯಿಯ ಮಮತೆಯ ಕೊರತೆ ಮಾತ್ರ ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಇನ್ನು ‘ಗಾಯ’ ಎಂಬ ಪದದ ವಿಚಾರ. ಇದು ‘ಸ್ವಮಗ್ನ’ದಂತೆ ಅಲಂಕಾರದ ಪದವಲ್ಲ, ಕಣ್ಣಿಗೆ ಕಾಣುವ ವಸ್ತುವಿನ ಪದ, ಆದ್ದರಿಂದ ಮೋಸ ಹೋಗುವುದು ಇನ್ನೂ ಸುಲಭ. ಆಲ್ಫ್ರೆಡ್ ಸ್ಟ್ರಾಸ್ ಮತ್ತು ಲಾರಾ ಲೆಹ್ಟಿನೆನ್ 1947ರಲ್ಲಿ ಮಿದುಳಿಗೆ ಗಾಯವಾದ ಮಕ್ಕಳ ಶಿಕ್ಷಣವನ್ನು ಕುರಿತು ಗ್ರಂಥ ಬರೆದರು. ತರಗತಿಯಲ್ಲಿ ಗದ್ದಲವನ್ನೂ ಬಣ್ಣಗಳ ಸಂತೆಯನ್ನೂ ಕಡಿಮೆ ಮಾಡಿದರೆ ಇಂಥ ಮಕ್ಕಳು ಕಲಿಯಬಲ್ಲರೆಂದು ತೋರಿಸಿದ ಉಪಕಾರ ಆ ಗ್ರಂಥದ್ದು. ಆದರೆ ಅದೇ ಪರಂಪರೆಯಲ್ಲಿ ಒಂದು ಜಾರುದಾರಿಯೂ ಇತ್ತು. ಹುಡುಗ ಚಂಚಲನಾಗಿದ್ದಾನೆ, ಮಿದುಳಿಗೆ ಗಾಯವಾದವರು ಚಂಚಲರಾಗಿರುತ್ತಾರೆ, ಆದ್ದರಿಂದ ಇವನ ಮಿದುಳಿಗೂ ಗಾಯವಾಗಿರಬೇಕು ಎಂಬ ತರ್ಕ. ಗಾಯದ ಗುರುತು ಸಿಕ್ಕದಿದ್ದರೆ ಅದು ‘ಅತ್ಯಲ್ಪ’ ಗಾಯವಾಯಿತು! 1962ರಲ್ಲಿ ಆಕ್ಸ್‌ಫರ್ಡಿನಲ್ಲಿ ಸೇರಿದ ತಜ್ಞರು ಈ ಪದ ಸಲ್ಲದೆಂದು ತೀರ್ಮಾನಿಸಿದರು; ಕೇವಲ ನಡವಳಿಕೆಯಿಂದ ಗಾಯವನ್ನು ಊಹಿಸಲಾಗದು ಎಂಬುದು ಅವರ ನಿಲುವು. ಹಾಗೆ ನೋಡಿದರೆ ಈ ಎಚ್ಚರ ಇನ್ನೂ ಹಳೆಯದು. ಹೆರಿಗೆಯ ಕಷ್ಟದಿಂದಲೇ ಕೂಸಿನ ಕೈಕಾಲು ಸೆಟೆಯುತ್ತವೆ ಎಂದು 1861ರಲ್ಲಿ ಇಂಗ್ಲೆಂಡಿನ ಲಿಟ್ಲ್ ಹೇಳಿದ್ದರೆ, 1897ರಲ್ಲಿ ಫ್ರಾಯ್ಡ್ ಪ್ರಶ್ನೆಯನ್ನು ತಿರುವಿ ಹಾಕಿದ್ದ: ಕಷ್ಟದ ಹೆರಿಗೆಯೇ ಗರ್ಭದಲ್ಲಿ ಮೊದಲೇ ಆದ ಏರುಪೇರಿನ ಲಕ್ಷಣವಾಗಿರಬಾರದೇಕೆ?

ಹೀಗೆ ಒಂದು ಪದ ತಾಯಿಯ ಮೇಲೆ ಇಲ್ಲದ ಅಪರಾಧವನ್ನು ಹೊರಿಸಿತು, ಇನ್ನೊಂದು ಕೂಸಿನ ತಲೆಯೊಳಗೆ ಕಾಣದ ಗಾಯವನ್ನು ಕಂಡಿತು. ನಾಮಪದಗಳ ಈ ದರ್ಬಾರಿನಿಂದ ಹೊರಬಂದು ನಮ್ಮ ಜಿಲ್ಲೆಯಲ್ಲಿಯೇ ನಡೆದ ಒಂದು ಸಂಶೋಧನೆಯತ್ತ ವಾಚಕರ ಗಮನವನ್ನು ಸೆಳೆಯಬಯಸುತ್ತೇನೆ.

ನಮ್ಮ ಹಳ್ಳಿಗಳಲ್ಲಿ ಹಿರಿಯ ಹೆಂಗಸರು ಒಂದು ಮಾತು ಹೇಳುತ್ತಾರೆ: ‘ಹುಟ್ಟಿದಾಗ ಕೂಸು ಅಳಲಿಲ್ಲ.’ ಇದರಲ್ಲಿ ರೂಪಕವಿಲ್ಲ, ಊಹೆಯಿಲ್ಲ, ಯಾರ ಮೇಲೂ ದೂರಿಲ್ಲ. ವೈದ್ಯರು ಇದನ್ನೇ ಜನನಕಾಲದ ಉಸಿರುಕಟ್ಟು ಎಂದು ಬರೆದುಕೊಳ್ಳುತ್ತಾರೆ. ಮಿದುಳಿಗೆ ಪ್ರಾಣವಾಯು ಸಾಲದೆ ಹೋದರೆ ಹಾನಿಯಾಗುವ ಸಂಭವವಿರುತ್ತದೆ. ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಪಾಕಿಸ್ತಾನ, ಝಾಂಬಿಯಾ, ಅಮೆರಿಕದ ಸಂಶೋಧಕರೊಡಗೂಡಿ ಇಂಥ ಕೂಸುಗಳ ಬಗೆಗೆ ಪರೀಕ್ಷೆಯೊಂದನ್ನು ನಡೆಸಿದರು. ಹುಟ್ಟಿದಾಗ ಮೈ ಒರೆಸಿ ತಟ್ಟಿದರೂ ಮಿಸುಕದೆ, ಮುಖಕ್ಕೆ ಮುಸುಕಿಟ್ಟು ಚೀಲದಿಂದ ಗಾಳಿಯೊತ್ತಿ ಉಸಿರು ತರಿಸಿದ ಹಳ್ಳಿಯ ಕೂಸುಗಳು ಒಂದು ಗುಂಪು. ಅಂಥ ಕಷ್ಟವಿಲ್ಲದೆ ಹುಟ್ಟಿದವು ಇನ್ನೊಂದು ಗುಂಪು. ಪ್ರತಿ ಗುಂಪಿನ ಕೂಸುಗಳನ್ನೂ ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ತರಬೇತಾದ ಹೆಣ್ಣುಮಕ್ಕಳೋ ಗಂಡಸರೋ ಎರಡು ವಾರಕ್ಕೊಮ್ಮೆ, ಹುಟ್ಟಿದ ಮೊದಲ ತಿಂಗಳಿನಿಂದ ಮೂರು ವರ್ಷದವರೆಗೆ, ಎಲ್ಲರ ಮನೆಗೂ ಹೋದರು. ಒಂದು ಪಾಲಿನವರಿಗೆ ಆರೋಗ್ಯದ ತಿಳಿವಳಿಕೆ ಮಾತ್ರ. ಇನ್ನೊಂದು ಪಾಲಿನ ತಂದೆತಾಯಿಗಳಿಗೆ ಅದರ ಜೊತೆಗೆ ಕೂಸಿನೊಡನೆ ಆಡುವ, ಮಾತಾಡುವ, ತೋರಿಸಿ ಕಲಿಸುವ ಬಗೆಗಳನ್ನು ಹೇಳಿಕೊಟ್ಟರು.

2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ. ಮೂರು ವರ್ಷ ತುಂಬಿದಾಗ, ಯಾರು ಯಾವ ಪಾಲಿನವರೆಂದು ತಿಳಿಯದ ಪರೀಕ್ಷಕರು ಬುದ್ಧಿವಿಕಾಸವನ್ನು ಅಳೆದರು. ಉಸಿರುಕಟ್ಟಿ ಹುಟ್ಟಿದವರಲ್ಲಿ, ಆಡಿ ಕಲಿತ ಮಕ್ಕಳ ಸರಾಸರಿ 102.6, ಉಳಿದವರದು 98.0. ಕಷ್ಟವಿಲ್ಲದೆ ಹುಟ್ಟಿದವರಲ್ಲಿ ಬುದ್ಧಿಯ ಅಳತೆಯಲ್ಲಿ ಖಚಿತವಾದ ಅಂತರ ಕಾಣಲಿಲ್ಲ. ಆದರೆ ಕೈಕಾಲುಗಳ ಚಲನೆಯ ಅಳತೆಯಲ್ಲಿ ಎರಡೂ ಗುಂಪಿನವರಿಗೆ ಲಾಭವಾಯಿತು. ಉತ್ಪ್ರೇಕ್ಷೆ ಬೇಡ. ನಾಲ್ಕೂವರೆ ಅಂಕ ಪವಾಡವಲ್ಲ. ತೀರ ಕಡಿಮೆ ತೂಕದ ಹಾಗೂ ಮಿದುಳಿಗೆ ತೀವ್ರ ಹಾನಿಯಾಗಿದ್ದ ಕೂಸುಗಳನ್ನು ಈ ಪರೀಕ್ಷೆಗೆ ಸೇರಿಸಿಕೊಂಡಿರಲೂ ಇಲ್ಲ. ಇದು ಆಟಿಸಂ ಬಗೆಗಿನ ಪರೀಕ್ಷೆಯೂ ಅಲ್ಲ. ಆದರೂ ಇದರ ಅರ್ಥ ಸಣ್ಣದಲ್ಲ. ಎಲ್ಲಿಯೋ ‘ಅಪರಾಧಿ’ ಎಂದು ನಿಲ್ಲಿಸಿದ್ದ ತಾಯಿತಂದೆಗಳನ್ನು ಇಲ್ಲಿ ಚಿಕಿತ್ಸಕರನ್ನಾಗಿ ನಿಲ್ಲಿಸಲಾಗಿದೆ. ಮಡಿಲು, ಅಂಗಳ, ಅಡಿಗೆಮನೆಯ ಭಾಂಡೆ, ಹಗಲೆಲ್ಲ ಆಡುವ ಮಾತು ಇವೇ ಔಷಧ. ಅಷ್ಟೇ ಅಲ್ಲ, ಈ ಸಂಶೋಧನೆ ‘ಮಂದ’, ‘ಹೀನ’ ಎಂಬ ಹೆಸರಿನಿಂದ ಹೊರಡಲಿಲ್ಲ. ಕೂಸು ಉಸಿರಾಡಲಿಲ್ಲ ಎಂಬ ನೋಟದಿಂದ ಹೊರಟಿತು. ನೋಟದಿಂದ ಹೊರಟದ್ದರಿಂದಲೇ ಬೇಗ ಹೊರಟಿತು.

ನನ್ನ ಮುಖ್ಯವಾದ ಮಾತು ಇದೇ. ನಮ್ಮ ಪಂಡಿತಪದಗಳು ತೀರ್ಪು ಕೊಡುತ್ತವೆ. ನಮ್ಮ ಮನೆಮಾತಿನ ಕ್ರಿಯಾಪದಗಳು ನೋಡುತ್ತವೆ. ‘ಕರದರ ಹೊಳ್ಳಿ ನೋಡೂದಿಲ್ಲ’, ‘ಕಣ್ಣಿಗೆ ಕಣ್ಣು ಕೊಡೂದಿಲ್ಲ’, ‘ಬೇಕಾದ್ದನ್ನ ಬಟ್ಟು ಮಾಡಿ ತೋರಸೂದಿಲ್ಲ’, ‘ಮೊದಲ ಎರಡ ಮಾತ ಆಡತಿತ್ತು, ಈಗ ಬಿಟ್ಟೈತಿ’. ನಮ್ಮ ಕಡೆಯ ಯಾವ ಅಜ್ಜಿಯ ಬಾಯಲ್ಲಾದರೂ ಬರಬಹುದಾದ ಮಾತುಗಳಿವು. 2001ರಿಂದ ಜಗತ್ತಿನಲ್ಲೆಲ್ಲ ಬಳಕೆಗೆ ಬಂದ ಎಂ-ಚಾಟ್ ಎಂಬ ಪ್ರಶ್ನಾವಳಿಯನ್ನು ತೆಗೆದು ನೋಡಿರಿ. ಒಂದೂವರೆ ಎರಡು ವರ್ಷದ ಕೂಸಿನ ತಂದೆತಾಯಿಗಳಿಗೆ ಅದು ಕೇಳುವುದೂ ಇಂಥವನ್ನೇ: ಹೆಸರು ಹಿಡಿದು ಕರೆದರೆ ಓಗೊಡುತ್ತದೆಯೇ, ಬೆರಳು ಮಾಡಿ ತೋರಿಸುತ್ತದೆಯೇ, ನಿಮ್ಮ ಕಣ್ಣನ್ನು ನೋಡುತ್ತದೆಯೇ. ಶಾಸ್ತ್ರ ಎಂಟು ಹತ್ತು ದಶಕ ಸುತ್ತಿ ಬಂದು ಅಜ್ಜಿಯ ಕ್ರಿಯಾಪದಗಳ ಬಳಿ ನಿಂತಿದೆ! ಹಾಗೆಂದ ಮಾತ್ರಕ್ಕೆ ಅಜ್ಜಿಯ ಮಾತೆಲ್ಲ ಶಾಸ್ತ್ರವಲ್ಲ. ‘ಇವನಪ್ಪನೂ ತಡಾ ಮಾಡೇ ಮಾತಾಡಿದ್ದ’ ಎಂಬ ಸಮಾಧಾನವೂ ಅವಳದೇ; ಅದರಿಂದ ಎರಡು ಅಮೂಲ್ಯ ವರ್ಷ ಕಳೆದುಹೋಗುತ್ತವೆ. ‘ಮಳ್ಳ’, ‘ಯೇಡಾ’ ಎಂಬ ಬೈಗುಳವೂ ಅದೇ ಓಣಿಯದು. ನೋಟ ಅವಳದು ಸರಿ. ಆ ನೋಟವನ್ನು ದವಾಖಾನೆಗೆ ಮುಟ್ಟಿಸುವ ಕೆಲಸ ಓದು ಬಲ್ಲವರದು.

ಹೆಸರು ಒಮ್ಮೆ ಅಂಟಿದರೆ ಏನಾಗುತ್ತದೆಂಬುದನ್ನು ಕನ್ನಡ ಕಾದಂಬರಿ ಬಲ್ಲದು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಬಾಣಂತಿತನದಲ್ಲಿ ಬಂದ ಮನೋವ್ಯಾಧಿಯಿಂದ ಗುಣವಾಗಿ ಮನೆಗೆ ಬರುತ್ತಾಳೆ, ಅವಳ ಬೇನೆ ಹೋಗಿದೆ, ಬೇನೆಯ ಹೆಸರು ಹೋಗಿಲ್ಲ. ಮನೆಯವರೂ ನೆರೆಯವರೂ ಕಾವೇರಿಯನ್ನು ನೋಡದೆ ಆ ಹೆಸರನ್ನೇ ನೋಡುತ್ತಾರೆ. ಮನಸ್ಸಿನ ಬೇನೆಗಳ ಬಗೆಗೆ ಎದೆಗೆ ತಾಗುವ ಕನ್ನಡದಲ್ಲಿ ಬರೆಯಬಹುದೆಂಬುದನ್ನು ‘ರಾಶಿ’ ಎಂಬ ಹೆಸರಿನ ಡಾ. ಎಂ. ಶಿವರಾಂ ತೋರಿಸಿದ್ದಾರೆ, ಅವರ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಆ ದಾರಿಯಲ್ಲಿ ಬಹಳ ದೂರ ನಡೆದಿದ್ದಾರೆ. ಆದ್ದರಿಂದ ಕನ್ನಡಕ್ಕೆ ಶಕ್ತಿ ಸಾಲದು ಎಂಬ ನೆಪ ನಡೆಯದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೆಸರೇ ಬೇಡವೆ? ಬೇಕು. 1995ರ ಅಂಗವಿಕಲರ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು, ಆಟಿಸಂ ಅದರಲ್ಲಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾನೂನಿನಲ್ಲಿ ಅದು ಬಂತು. 2016ರ ಕಾನೂನು 21 ಬಗೆಗಳನ್ನು ಹೇಳಿ ಅದರಲ್ಲಿ ಇದನ್ನೂ ಸೇರಿಸಿತು. ಹೆಸರಿಲ್ಲದಿದ್ದರೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದಿದ್ದರೆ ಸವಲತ್ತಿಲ್ಲ. ಹೆಸರು ಸಿಕ್ಕಾಗ ಎಷ್ಟೋ ತಾಯಂದಿರಿಗೆ ತಪ್ಪು ತಮ್ಮದಲ್ಲವೆಂಬ ನೆಮ್ಮದಿಯೂ ಸಿಗುತ್ತದೆ. ಹಾಗಾದರೆ ಯಾವ ಹೆಸರು? ‘ಆಟಿಸಂ’ ಎಂದೇ ಅನ್ನೋಣ ಎಂಬುದು ನನ್ನ ಮತ. ಕ್ಯಾನ್ಸರಿಗೆ ‘ಅರ್ಬುದ’ ಎಂಬ ಪದ ಸಿದ್ಧವಿದ್ದರೂ ಜನ ಕ್ಯಾನ್ಸರ್ ಎಂದೇ ಉಳಿಸಿಕೊಂಡರು. ಪೋಲಿಯೊ ಪೋಲಿಯೊ ಆಗಿಯೇ ಉಳಿಯಿತು. ಆಟಿಸಂ ಪದದ ಒಳಗೂ ‘ತಾನು’ ಇದೆಯಷ್ಟೆ ಎನ್ನಬಹುದು. ನಿಜ, ಆದರೆ ಕನ್ನಡ ಕಿವಿಗೆ ಅದು ಕೇಳಿಸುವುದಿಲ್ಲ. ಪದ ಅರ್ಥವಾಗದಿರುವುದು ಸಾಮಾನ್ಯವಾಗಿ ದೋಷ. ಇಲ್ಲಿ ಅದೇ ಗುಣ. ಅರ್ಥ ಹೇಳದ ಪದ ಅಪವಾದವನ್ನೂ ಹೇಳುವುದಿಲ್ಲ.

ಗಡಿನಾಡಿನ ಮನೆಗಳಿಗೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ಬಿಡುವಂತಿಲ್ಲ. ಇಲ್ಲಿ ಅಜ್ಜಿಯ ಮಾತು ಮರಾಠಿ, ತಾಯಿಯ ಮಾತು ಕನ್ನಡ, ಅಥವಾ ಅದರ ಅದಲುಬದಲು, ಸಂತೆಯಲ್ಲಿ ಎರಡೂ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಅಂಥ ಮನೆಗಳವರೇ. ಮಾತು ತಡವಾದ ಕೂಸಿನ ಮನೆಯವರಿಗೆ ‘ಒಂದೇ ಭಾಷೆ ಆಡಿರಿ, ಇನ್ನೊಂದನ್ನು ಬಿಡಿರಿ’ ಎಂಬ ಬುದ್ಧಿವಾದ ಬಹಳ ಕಡೆ ಸಿಗುತ್ತದೆ. ಕೇಳಲು ಯುಕ್ತವೆನಿಸುತ್ತದೆ: ಸೋಸಿ ಕೊಟ್ಟರೆ ಕುಡಿಯುವುದು ಸುಲಭ. ಆದರೆ ಕ್ಯಾಥರೀನ್ ಹ್ಯಾಂಬ್ಲಿ ಮತ್ತು ಎರಿಕ್ ಫಾಂಬೋನ್ ಕೆನಡಾದಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಗಳ ನಡುವೆ ಬೆಳೆದ ಆಟಿಸಂ ಮಕ್ಕಳಿಗೆ ಒಂದೇ ಭಾಷೆಯವರಿಗಿಂತ ಹೆಚ್ಚಿನ ತಡವೇನೂ ಕಾಣಲಿಲ್ಲ. ಬೇರೆ ಅಧ್ಯಯನಗಳೂ ಇದನ್ನೇ ಹೇಳಿವೆ. ಕೂಸಿಗಾಗಿ ತನ್ನ ಭಾಷೆಯನ್ನು ಬಿಟ್ಟ ಅಜ್ಜಿ ಕೂಸಿನೊಡನೆ ಮಾತಾಡುವುದನ್ನೇ ಕಡಿಮೆ ಮಾಡುತ್ತಾಳೆ. ಬಾರದ ಭಾಷೆಯಲ್ಲಿ ಜೋಗುಳ ಹಾಡುವುದಕ್ಕಾಗುವುದಿಲ್ಲ. ಬೆಳಗಾವಿಯ ಪರೀಕ್ಷೆಯಲ್ಲಿ ಫಲ ಕೊಟ್ಟದ್ದೇ ಮನೆಯವರ ಮಾತು ಮತ್ತು ಆಟ ಎಂಬುದನ್ನು ಇದರೊಡನೆ ಕೂಡಿಸಿ ನೋಡಿದರೆ, ಆ ಬುದ್ಧಿವಾದದ ನಷ್ಟ ಎಷ್ಟೆಂಬುದು ತಿಳಿಯುತ್ತದೆ.

ಇಷ್ಟೆಲ್ಲ ವಿಚಾರದ ಫಲವಾಗಿ ನಾವು ಮಾಡಬಹುದಾದದ್ದು ಬಹಳ ಸರಳವಾಗಿದೆ. ಪತ್ರಿಕೆಗಳು ‘ಸ್ವಮಗ್ನ ಬಾಲಕ’, ‘ಬುದ್ಧಿಮಾಂದ್ಯ ಬಾಲಕಿ’ ಎಂದು ಬರೆಯುವುದನ್ನು ಬಿಟ್ಟು ‘ಆಟಿಸಂ ಇರುವ ಹುಡುಗ’, ‘ಕಲಿಯಲು ಹೆಚ್ಚು ಸಮಯ ಬೇಕಾದ ಹುಡುಗಿ’ ಎಂದು ಬರೆಯಲಿ. ಅಲ್ಲಿ ಹುಡುಗ ಮೊದಲು ಹುಡುಗನಾಗಿ ಉಳಿಯುತ್ತಾನೆ. ಅಂಗನವಾಡಿಯ ಗೋಡೆಗೆ ಅಂಟಿಸುವ ಕಾಗದದಲ್ಲಿ ‘ಸ್ವಲೀನತೆಯ ಲಕ್ಷಣಗಳು’ ಎಂಬ ದಪ್ಪ ತಲೆಬರಹಕ್ಕಿಂತ ‘ಕರೆದರೆ ನೋಡುತ್ತದೆಯೇ? ಬೆರಳು ಮಾಡಿ ತೋರಿಸುತ್ತದೆಯೇ?’ ಎಂಬ ಎರಡು ಸಾಲು ಸಾಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೆ ಬಂದಾಗ ತಾಯಿಯ ಬಾಯಿಂದ ಹೊರಡಬೇಕಾದದ್ದು ಆ ಸಾಲುಗಳೇ ಹೊರತು ಸಂಸ್ಕೃತವಲ್ಲ. ಪ್ರಶ್ನೆ ಅವಳ ಮಾತಿನಲ್ಲಿದ್ದರೆ ಉತ್ತರವೂ ಅವಳಲ್ಲಿರುತ್ತದೆ.

ಮಾತು ಬಾರದ ಕೂಸಿನ ವಿಷಯದಲ್ಲಿ ಮಾತು ಬಲ್ಲವರ ಹೊಣೆ ಇಮ್ಮಡಿಯಾಗುತ್ತದೆ. ಅದು ನಮಗೆ ಇಂಥ ಹೆಸರು ಸಲ್ಲದೆಂದು ಎದ್ದುನಿಂತು ವಾದಿಸಲಾರದು. ಅದರ ಪರವಾಗಿ ಭಾಷೆಯೇ ವಾದಿಸಬೇಕು. ಭಾಷೆಯ ಪರವಾಗಿ ಅದನ್ನು ಬರೆಯುವವರು, ಕಲಿಸುವವರು. ಹೆಸರಿಡುವ ಆತುರವನ್ನು ಸ್ವಲ್ಪ ತಡೆದು ಕೂಸನ್ನು ಮೊದಲು ನೋಡೋಣ. ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಯಾವುದಕ್ಕೆ ನಗುತ್ತದೆ, ಯಾವುದಕ್ಕೆ ಕಿವಿ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಹೇಳಲು ಕನ್ನಡದಲ್ಲಿ ಬೇಕಾದಷ್ಟು ಕ್ರಿಯಾಪದಗಳಿವೆ.